ಮನುಷ್ಯನಿಲ್ಲದಾಗ ‘ಮನುಷ್ಯ’ ಎನ್ನುವ ಕ್ಯಾಮೆರಾ
(ಹಂಗಾಮಿಗೆ ಮುನ್ನ ಜರುಗಿದ ಸಭಾಸದರ ಮೇಳಾವೆಯಲ್ಲಿ ಮಾಡಿದ ಭಾಷಣ)



ಕಬ್ಬಿನ ಮೇಳಾವೆಯಲ್ಲಿ ಕ್ಯಾಮೆರಾದ ಮಾತೇಕೆ ಎಂದು ತಮಗೆ ಅನಿಸಬಹುದು. ಬೀಜದ ಕಬ್ಬು, ಗೊಬ್ಬರ, ಕುಳೆ ಕಬ್ಬಿನ ನಿಗಾ ಇವುಗಳ ಬಗೆಗೆ ನನಗಿಂತ ಚೆನ್ನಾಗಿ ಹೇಳುವವರು ಈ ವೇದಿಕೆಯ ಮೇಲೆಯೇ ಕುಳಿತಿದ್ದಾರೆ. ಆದರೆ ನಮ್ಮ ಅಕ್ಕಲಕೋಟ, ದಕ್ಷಿಣ ಸೋಲಾಪುರದ ಕಡೆಗೆ ತೋಟದ ವಸ್ತಿಯಲ್ಲಿ ಮನೆ ಮಾಡಿಕೊಂಡಿರುವವರ ಬಾಗಿಲಿಗೆ, ಬಾವಿಯ ಮೇಲಿನ ಮೋಟಾರು ಖೋಲಿಗೆ, ದನದ ಕೊಟ್ಟಿಗೆಗೆ ಈಗ ಕ್ಯಾಮೆರಾ ಬಂದಿದೆ. ಕ್ಯಾಮೆರಾ ಇದ್ದವರು ನಾಲ್ಕು ಜನ ಸೇರಿದರೆ ದೂರು ಒಂದೇ. ಯಾರೂ ಬಾರದಿದ್ದರೂ ‘ಮನುಷ್ಯ ಬಂದ’ ಎಂದು ಫೋನು ಕೂಗುತ್ತದೆ, ನಿಜವಾಗಿ ಬಂದಾಗ ಸುಮ್ಮನಿರುತ್ತದೆ. ಇದಕ್ಕೆ ಕಾರಣವೇನು, ಉಪಾಯವೇನು ಎಂಬುದನ್ನಷ್ಟೇ ಇಂದು ಹೇಳುತ್ತೇನೆ.

ಮೊದಲು ನನ್ನದೇ ಕಥೆ. 2023ರ ಡಿಸೆಂಬರಿನಲ್ಲಿ ನಮ್ಮ ಹೊಲಕ್ಕೆ ಕಡಿಯುವ ಟೋಳಿ ಬಂದಿತ್ತು. ಒಂದು ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ‘ಮನುಷ್ಯ’ ಎಂಬ ಸೂಚನೆ ಬಂತು. ಕಣ್ಣುಜ್ಜಿಕೊಂಡು ನೋಡಿದರೆ ಮೋಟಾರು ಖೋಲಿಯ ಹತ್ತಿರ ಬಿಳಿಯ ಆಕಾರವೊಂದು ನಿಂತಂತೆ ಚಿತ್ರ. ಬೆಳಗಾಗುತ್ತಲೇ ಟೋಳಿಯ ಮುಕಾದಮನನ್ನು ಕರೆಸಿ, ‘ನಿಮ್ಮ ಹುಡುಗ ರಾತ್ರಿ ನಮ್ಮ ಮೋಟಾರಿನ ಹತ್ತಿರ ಏಕೆ ತಿರುಗುತ್ತಿದ್ದ?’ ಎಂದು ನಾಲ್ಕು ಜನರ ಮುಂದೆ ಕೂಗಾಡಿದೆ. ಆತ ಎದುರು ಮಾತಾಡಲಿಲ್ಲ. ಸಂಜೆ ಬಂದು, ‘ಮಾಲಕರೇ, ಆ ಚಿತ್ರ ಸ್ವಲ್ಪ ದೊಡ್ಡದು ಮಾಡಿ ನೋಡೋಣ’ ಎಂದ. ಟಿವಿಗೆ ಹಚ್ಚಿ ನೋಡಿದೆವು. ತಂತಿಯ ಮೇಲೆ ಒಣಹಾಕಿದ ನನ್ನದೇ ಧೋತರ! ಗಾಳಿಗೆ ಹಾರಿದೆ, ಅದೇ ಹೊತ್ತಿಗೆ ರಸ್ತೆಯಲ್ಲಿ ಹೋದ ಟ್ರ್ಯಾಕ್ಟರಿನ ಬೆಳಕು ಅದರ ಮೇಲೆ ಬಿದ್ದಿದೆ. ಆ ಹುಡುಗನಿಗೆ ಹದಿನೇಳೋ ಹದಿನೆಂಟೋ ವಯಸ್ಸು. ಅವನ ಮುಖ ನೋಡಿ ಮಾತಾಡುವುದು ನನಗೆ ಕಷ್ಟವಾಯಿತು. ತಪ್ಪಾಯಿತೆಂದು ಹೇಳಿದೆ, ಬೆಳಗಿನಂತೆಯೇ ನಾಲ್ಕು ಜನರ ಮುಂದೆ.

ಅದಾದ ಮೇಲೆ ಸಿಟ್ಟಿನಿಂದ ಕ್ಯಾಮೆರಾದ ‘ಸೆನ್ಸಿಟಿವಿಟಿ’ಯನ್ನು ಅತಿ ಕಡಿಮೆಗೆ ಇಳಿಸಿ, ರಾತ್ರಿ ಫೋನಿನ ಸದ್ದನ್ನೂ ಬಂದ್ ಮಾಡಿದೆ. ಇಪ್ಪತ್ತು ದಿನವಾಗಿರಲಿಲ್ಲ, ಮೋಟಾರಿನ ತಾಮ್ರದ ಕೇಬಲ್ಲನ್ನು ಕತ್ತರಿಸಿ ಒಯ್ದರು. ರೆಕಾರ್ಡಿಂಗಿನಲ್ಲಿ ಕಳ್ಳ ಇದ್ದಾನೆ. ತಲೆಯಿಂದ ಮೊಣಕಾಲತನಕ ಕಂಬಳಿ ಹೊದ್ದು, ಬಗ್ಗಿಕೊಂಡು ನಡೆದು ಬಂದಿದ್ದಾನೆ. ಹನ್ನೊಂದು ನಿಮಿಷ ಕ್ಯಾಮೆರಾದ ಮುಂದೆಯೇ ಕುಳಿತು ಕೆಲಸ ಮಾಡಿದ್ದಾನೆ. ಕ್ಯಾಮೆರಾ ಒಂದು ಸಲವೂ ‘ಮನುಷ್ಯ’ ಎನ್ನಲಿಲ್ಲ. ಧೋತರಕ್ಕೆ ಮನುಷ್ಯ ಎಂದಿತು, ಮನುಷ್ಯನಿಗೆ ಏನೂ ಎನ್ನಲಿಲ್ಲ.

ಈ ಎರಡು ತಪ್ಪುಗಳಿಗೆ ಒಂದಕ್ಕೊಂದು ನಂಟಿದೆ. ಸುಳ್ಳು ಸೂಚನೆ ಹೆಚ್ಚಾದಾಗ ನಾವು ಕ್ಯಾಮೆರಾದ ಕಿವಿ ಹಿಂಡುತ್ತೇವೆ. ಹಿಂಡಿದಾಗ ಅದು ನಿಜವನ್ನೂ ನುಂಗುತ್ತದೆ. ಆದ್ದರಿಂದ ಸೆನ್ಸಿಟಿವಿಟಿಯ ಗುಂಡಿಗೆ ಕೈ ಹಚ್ಚುವುದು ಕಟ್ಟಕಡೆಯ ಕೆಲಸ. ಮೊದಲು ನೋಡಬೇಕಾದದ್ದು ಕ್ಯಾಮೆರಾ ಎಲ್ಲಿ ತೂಗಿದೆ, ಯಾವ ಕಡೆಗೆ ಮುಖ ಮಾಡಿದೆ, ಅದರ ಕಣ್ಣಿಗೆ ಏನೇನು ಬೀಳುತ್ತದೆ ಎಂಬುದು. ನಾನು ಕಂಡ ಹತ್ತು ದೂರುಗಳಲ್ಲಿ ಏಳೆಂಟು ಏಣಿ ಹತ್ತಿ ಸರಿಪಡಿಸುವಂಥವೇ ಇದ್ದವು.

ಕ್ಯಾಮೆರಾ ‘ಮನುಷ್ಯ’ ಎಂದು ತೀರ್ಮಾನಿಸುವುದು ಹೇಗೆ ಎಂಬುದು ಸ್ವಲ್ಪ ತಿಳಿದಿರಲಿ. ಅಗ್ಗದ ಹಳೆಯ ಮಾದರಿಗಳು ಮನುಷ್ಯನನ್ನು ಗುರುತಿಸುವುದೇ ಇಲ್ಲ. ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಎಷ್ಟು ಚುಕ್ಕೆಗಳು ಬದಲಾದವು ಎಂದು ಎಣಿಸುತ್ತವೆ, ಅಷ್ಟೆ. ಕಬ್ಬಿನ ಗರಿ ಅಲುಗಿದರೂ ಅವುಗಳ ಲೆಕ್ಕಕ್ಕೆ ಬದಲಾವಣೆಯೇ. ಬ್ಯಾಟರಿಯ ಮೇಲೆ, ಸೋಲಾರ್ ತಗಡಿನ ಮೇಲೆ ನಡೆಯುವ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಪಿಐಆರ್ ಎಂಬ ಶಾಖದ ಕಣ್ಣು ಇರುತ್ತದೆ. ಮೈಬಿಸಿ ಇರುವ ಪ್ರಾಣಿ ಅದರ ಮುಂದೆ ಸರಿದಾಗ ಕ್ಯಾಮೆರಾ ನಿದ್ದೆಯಿಂದ ಏಳುತ್ತದೆ. ಮೂರನೆಯದು ಈಚಿನದು. ಸಾವಿರಾರು ಲಕ್ಷಾಂತರ ಚಿತ್ರಗಳನ್ನು ತೋರಿಸಿ, ‘ಇದು ಮನುಷ್ಯ, ಇದು ನಾಯಿ’ ಎಂದು ಕಲಿಸಿದ ಗಣಕದ ಕ್ರಮವಿಧಿ ಚಿತ್ರವನ್ನು ನೋಡಿ ತೀರ್ಪು ಕೊಡುತ್ತದೆ. ಅದರ ತೀರ್ಪು ಹೌದು-ಅಲ್ಲ ಎಂಬಂತಿರುವುದಿಲ್ಲ. ನೂರಕ್ಕೆ ಇಷ್ಟು ಪಾಲು ಮನುಷ್ಯನಂತಿದೆ ಎನ್ನುತ್ತದೆ. ಎಷ್ಟು ಪಾಲಿಗೆ ಕೂಗಬೇಕು ಎಂಬ ಗೆರೆಯನ್ನೇ ನಾವು ಸೆನ್ಸಿಟಿವಿಟಿ ಎಂದು ಮೇಲೆ ಕೆಳಗೆ ಮಾಡುತ್ತೇವೆ.

ಕಲಿಸಿದ ಚಿತ್ರಗಳು ಯಾವವು ಎಂಬುದರ ಮೇಲೆ ಅದರ ಬುದ್ಧಿ. ಜಗತ್ತಿನ ಸಂಶೋಧಕರು ಬಹಳವಾಗಿ ಬಳಸಿದ, 2014ರಲ್ಲಿ ಹೊರಬಂದ ‘ಕೋಕೋ’ ಎಂಬ ಚಿತ್ರಭಂಡಾರವಿದೆ. ಅದರಲ್ಲಿ ಗುರುತಿಸಲು ಕಲಿಸುವ 80 ಬಗೆಯ ವಸ್ತು-ಪ್ರಾಣಿಗಳಿವೆ. ಮನುಷ್ಯ, ಹಸು, ನಾಯಿ, ಕುರಿ, ಕುದುರೆ ಇವೆ. ಜಿರಾಫೆ ಇದೆ, ಝೀಬ್ರಾ ಇದೆ. ಎಮ್ಮೆ ಇಲ್ಲ, ಆಡು ಇಲ್ಲ, ಕೋತಿ ಇಲ್ಲ! ಅಂಥ ಪಾಠಶಾಲೆಯಲ್ಲಿ ಕಲಿತು ಬಂದ ಯಂತ್ರಕ್ಕೆ ನಮ್ಮ ಕೊಟ್ಟಿಗೆಯ ಎಮ್ಮೆಯನ್ನು ಕತ್ತಲಲ್ಲಿ ತೋರಿಸಿದರೆ ತನಗೆ ಗೊತ್ತಿದ್ದ ಯಾವುದೋ ಹೆಸರನ್ನೇ ಅದು ಹೇಳಬೇಕು. ಬೆದರುಗೊಂಬೆಗೆ ಅಂಗಿ ತೊಡಿಸಿ ಗಡಿಗೆಯ ತಲೆ ಇಟ್ಟವರು ನಾವೇ. ಹಕ್ಕಿಯನ್ನು ಮೋಸಗೊಳಿಸಲು ಮಾಡಿದ್ದು ಕ್ಯಾಮೆರಾವನ್ನೂ ಮೋಸಗೊಳಿಸಿದರೆ ಯಂತ್ರದ ತಪ್ಪೆನ್ನಲಾದೀತೆ? ಅದೇ ರೀತಿ ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಣ್ಣುಮಗಳು, ಕಂಬಳಿ ಕೊಪ್ಪೆ ಹಾಕಿದ ಕುರಿಗಾರ, ಬಗ್ಗಿ ಪೈಪು ತಿರುಗಿಸುವ ಆಳು ಇವರಾರೂ ಅಂಗಡಿಯ ಬಾಗಿಲಲ್ಲಿ ನೆಟ್ಟಗೆ ನಿಂತ ಮನುಷ್ಯನಂತೆ ಕಾಣುವುದಿಲ್ಲ. ತಲೆ, ಹೆಗಲು, ಎರಡು ಕಾಲು ಬೇರೆ ಬೇರೆಯಾಗಿ ಕಂಡರೆ ಮಾತ್ರ ಅದಕ್ಕೆ ಧೈರ್ಯ.

ಇನ್ನು ದೂರದ ಮಾತು. ಇದು ಬಹಳ ಜನ ಮೋಸಹೋಗುವ ಜಾಗ, ಆದ್ದರಿಂದ ಲೆಕ್ಕ ಹಾಕಿಯೇ ಹೇಳುತ್ತೇನೆ. ಸಾಮಾನ್ಯ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಚುಕ್ಕೆ. 2.8 ಮಿಲಿಮೀಟರಿನ ಅಗಲ ನೋಟದ ಮಸೂರವಿದ್ದರೆ 30 ಮೀಟರು, ಅಂದರೆ ಸುಮಾರು ನೂರು ಅಡಿ ದೂರದಲ್ಲಿ ಅದು ಹೆಚ್ಚುಕಡಿಮೆ 75 ಮೀಟರು ಅಗಲದ ಜಾಗವನ್ನು ನೋಡುತ್ತದೆ. ಭಾಗಿಸಿ ನೋಡಿ: ಒಂದು ಮೀಟರಿಗೆ ಸುಮಾರು 25 ಚುಕ್ಕೆ. ಅರ್ಧ ಮೀಟರು ಹೆಗಲಿನ ಮನುಷ್ಯನಿಗೆ ಸಿಕ್ಕುವುದು ಹನ್ನೆರಡು ಹದಿಮೂರು ಚುಕ್ಕೆ. ಅದೂ ಪೂರ್ತಿ ಉಳಿಯುವುದಿಲ್ಲ. ಗುರುತಿಸುವ ಕ್ರಮವಿಧಿಗಳಲ್ಲಿ ಅನೇಕವು ಕೆಲಸ ಬೇಗ ಆಗಲೆಂದು ಇಡೀ ಚಿತ್ರವನ್ನು ಮೊದಲು 640 ಚುಕ್ಕೆ ಅಗಲಕ್ಕೆ ಕುಗ್ಗಿಸಿಕೊಳ್ಳುತ್ತವೆ. ಆಗ ಹೆಗಲಿಗೆ ಉಳಿದದ್ದು ನಾಲ್ಕೇ ಚುಕ್ಕೆ. ನಾಲ್ಕು ಜೋಳದ ಕಾಳು ಸಾಲಾಗಿ ಇಟ್ಟು ಇದು ಯಾರ ಹೆಗಲು ಎಂದು ಕೇಳಿದರೆ ನಾವಾದರೂ ಏನು ಹೇಳೇವು? 2014ರ ಅಂತರರಾಷ್ಟ್ರೀಯ ಮಾನದಂಡವೊಂದು, ನೋಡುವ ಮನುಷ್ಯನಿಗೇ ‘ಅಲ್ಲಿ ಯಾರೋ ಇದ್ದಾರೆ’ ಎಂದು ತಿಳಿಯಲು ಮೀಟರಿಗೆ 25 ಚುಕ್ಕೆ, ಪರಿಚಿತನನ್ನು ಗುರುತು ಹಿಡಿಯಲು 125, ಅಪರಿಚಿತನ ಮುಖವನ್ನು ಸಾಕ್ಷಿಗೆ ಬರುವಂತೆ ನೋಡಲು 250 ಚುಕ್ಕೆ ಬೇಕೆಂದು ಹೇಳಿತ್ತು. ಅಂದರೆ ನೂರು ಅಡಿಯಾಚೆಯ ಬಾವಿಗೆ ಮನೆಯ ಗೋಡೆಯ ಮೇಲಿನ ಕ್ಯಾಮೆರಾ ಸಾಲದು. ಅಂಗಡಿಯವನು ‘ಇಡೀ ಎಕರೆ ಕಾಣುತ್ತದೆ’ ಎಂದರೆ ಕಾಣುವುದು ಎಕರೆ, ಕಳ್ಳನಲ್ಲ. ಬಾವಿಯನ್ನೇ ನೋಡಬೇಕಾದರೆ 6 ಮಿಲಿಮೀಟರಿನ ಮಸೂರ ಕೇಳಿ ತೆಗೆದುಕೊಳ್ಳಿ. ನೋಟದ ಅಗಲ ಕಡಿಮೆಯಾಗುತ್ತದೆ, ಮನುಷ್ಯ ಸುಮಾರು ಎರಡೂವರೆ ಪಟ್ಟು ದೊಡ್ಡವನಾಗಿ ಕಾಣುತ್ತಾನೆ. ಇಲ್ಲವಾದರೆ ಕ್ಯಾಮೆರಾವನ್ನೇ ಮೋಟಾರು ಖೋಲಿಗೆ ಒಯ್ಯಿರಿ.

ಎತ್ತರವೂ ಹಾಗೆಯೇ. ಯಾರ ಕೈಗೂ ಸಿಗಬಾರದೆಂದು ಇಪ್ಪತ್ತು ಅಡಿ ಕಂಬದ ತುದಿಗೆ ಕಟ್ಟುತ್ತಾರೆ. ಅಲ್ಲಿಂದ ಕಾಣುವುದು ರುಮಾಲು, ಟೊಪ್ಪಿಗೆ ಮಾತ್ರ. ಯಂತ್ರಕ್ಕೆ ಕಲಿಸಿದ ಚಿತ್ರಗಳು ಬಹುತೇಕ ಮನುಷ್ಯನ ಕಣ್ಣಿನ ಮಟ್ಟದಿಂದ ತೆಗೆದವು. ಎಂಟರಿಂದ ಹತ್ತು ಅಡಿ ಎತ್ತರದಲ್ಲಿ, ಮುಖ ಸ್ವಲ್ಪ ಕೆಳಗೆ ಬಾಗಿಸಿ ಕೂಡಿಸಿದರೆ ತಲೆಯೂ ಕಾಲೂ ಎರಡೂ ಸಿಗುತ್ತವೆ. ಮುಖ ಬಾಗಿಸುವುದರಿಂದ ಮತ್ತೊಂದು ಲಾಭ: ದೂರದ ರಸ್ತೆ, ಆಕಾಶ, ಅಲುಗುವ ಮರದ ತುದಿ ಚಿತ್ರದಿಂದ ಹೊರಗೆ ಹೋಗುತ್ತವೆ. ಮೂಡಲ-ಪಡುವಣ ದಿಕ್ಕಿಗೆ ನೇರ ಮುಖ ಮಾಡಬೇಡಿ. ಬೆಳಿಗ್ಗೆ ಅಥವಾ ಸಂಜೆ ಒಂದು ತಾಸು ಅದು ಕುರುಡಾಗುತ್ತದೆ.

ಶಾಖದ ಕಣ್ಣಿನ ಕ್ಯಾಮೆರಾಕ್ಕೆ ಬೇರೆ ನಿಯಮ. ಅದರ ನೋಟ ಬೀಸಣಿಗೆಯ ಕಡ್ಡಿಗಳಂತೆ ಪಟ್ಟೆ ಪಟ್ಟೆಯಾಗಿ ಹರಡಿರುತ್ತದೆ. ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಅಡ್ಡ ದಾಟಿದವನನ್ನು ತಟ್ಟನೆ ಹಿಡಿಯುತ್ತದೆ, ನೇರವಾಗಿ ತನ್ನ ಎದುರಿಗೇ ಬರುವವನನ್ನು ತಡವಾಗಿ ಹಿಡಿಯುತ್ತದೆ. ಆದ್ದರಿಂದ ಕಾಲುದಾರಿಗೆ ಎದುರಾಗಿ ಕೂಡಿಸಬೇಡಿ, ದಾರಿಯ ಮಗ್ಗುಲಿಗೆ ಕೂಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಸೋಲಾಪುರದ ಬಿಸಿಲು 40 ಡಿಗ್ರಿ ದಾಟಿದಾಗ ಕಲ್ಲುಗೋಡೆಯೂ ಮನುಷ್ಯನ ಮೈಯೂ ಒಂದೇ ಬಿಸಿಯಾಗಿ, ಸಂಜೆಯ ಹೊತ್ತು ಅದಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ. ಚಳಿಗಾಲದಲ್ಲಿ ಸರಿಯಿದ್ದದ್ದು ಬೇಸಿಗೆಯಲ್ಲಿ ತಪ್ಪುವುದು ಇದರಿಂದ. ಈ ಕಣ್ಣು ಗಾಜಿನ ಮೂಲಕ ಕೆಲಸ ಮಾಡುವುದಿಲ್ಲ, ಕಿಟಕಿಯ ಒಳಗಿಟ್ಟರೆ ಅದು ಬರಿಯ ಗೊಂಬೆ. ಬ್ಯಾಟರಿಯ ಕ್ಯಾಮೆರಾ ಎದ್ದು ಚಿತ್ರ ತೆಗೆಯಲು ಒಂದೆರಡು ಸೆಕೆಂಡು ಬೇಕು. ಅಷ್ಟರಲ್ಲಿ ಓಡಿ ದಾಟಿದವನ ಬೆನ್ನೂ ಸಿಗುವುದಿಲ್ಲ. ಒಂದು ಸಲ ಕೂಗಿದ ಮೇಲೆ ಕೆಲವು ನಿಮಿಷ ಬ್ಯಾಟರಿ ಉಳಿಸಲು ಸುಮ್ಮನಿರುವ ವ್ಯವಸ್ಥೆಯೂ ಕೆಲವುದರಲ್ಲಿದೆ. ಅದನ್ನು ಎಷ್ಟು ಕಡಿಮೆ ಮಾಡಲು ಬರುತ್ತದೆಯೋ ನೋಡಿಕೊಳ್ಳಿ.

ರಾತ್ರಿಯ ಸುಳ್ಳು ಸೂಚನೆಗಳಿಗೆ ಮುಖ್ಯ ಅಪರಾಧಿ ಹುಳ. ಕ್ಯಾಮೆರಾದ ಸುತ್ತ ಇರುವ ಸಣ್ಣ ದೀಪಗಳು ನಮ್ಮ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು ಬೀರುತ್ತವೆ. ಮಸೂರದಿಂದ ನಾಲ್ಕು ಬೆರಳು ದೂರದಲ್ಲಿ ಹಾರಿದ ಹುಳ ಆ ಬೆಳಕಿಗೆ ಥಳಥಳಿಸಿ, ಚಿತ್ರದಲ್ಲಿ ಎತ್ತಿನಷ್ಟು ದೊಡ್ಡದಾಗಿ ಕಾಣುತ್ತದೆ. ಜೂನಿನ ಮೊದಲ ಮಳೆಯಾದ ಮೇಲೆ ಕೇಳಲೇ ಬೇಡಿ. ಹುಳ ಬಂದಲ್ಲಿ ಜೇಡ ಬರುತ್ತದೆ, ಜೇಡ ಬಂದಲ್ಲಿ ಬಲೆ. ಒಂದೇ ಎಳೆ ಮಸೂರದ ಮುಂದೆ ತೂಗಿದರೆ ಬೆಳತನಕ ಫೋನು ಕೂಗುತ್ತದೆ. ವಾರಕ್ಕೊಮ್ಮೆ ಉದ್ದ ಕೋಲಿಗೆ ಮೆತ್ತನೆಯ ಬಟ್ಟೆ ಕಟ್ಟಿ ಬಲೆ ತೆಗೆಯಿರಿ. ಅನುಕೂಲವಿದ್ದವರು ಕ್ಯಾಮೆರಾದ ಸ್ವಂತ ದೀಪವನ್ನು ಬಂದ್ ಮಾಡಿ, ಎಂಟು ಹತ್ತು ಅಡಿ ಆಚೆಗೆ ಬೇರೆ ದೀಪ ಹಚ್ಚಿದರೆ ಹುಳಗಳೆಲ್ಲ ಅತ್ತ ಹೋಗುತ್ತವೆ. ಹತ್ತಿರದಲ್ಲೇ ಸುಣ್ಣ ಬಳಿದ ಗೋಡೆ ಅಥವಾ ತಗಡಿನ ಅಂಚು ಇದ್ದರೆ ದೀಪದ ಬೆಳಕು ಅದಕ್ಕೆ ಬಡಿದು ತಿರುಗಿ ಬರುತ್ತದೆ. ಅಂಗಳದಲ್ಲಿ ನಿಂತವನು ಕತ್ತಲಲ್ಲಿ ಉಳಿಯುತ್ತಾನೆ.

ಧೂಳನ್ನು ಮರೆಯಬೇಡಿ. ಹಂಗಾಮಿನಲ್ಲಿ ಕಬ್ಬಿನ ಗಾಡಿಗಳ ಧೂಳು, ರವದಿಗೆ ಬೆಂಕಿ ಹಚ್ಚಿದವರ ಹೊಗೆ, ನಮ್ಮ ಕಾರ್ಖಾನೆಯ ಚಿಮಣಿಯ ಬೂದಿ (ಸಂಚಾಲಕರು ಕ್ಷಮಿಸಬೇಕು) ಮಸೂರದ ಮೇಲೆ ಪೊರೆ ಕಟ್ಟುತ್ತವೆ. ಮೊದಲು ಊದಿ ಧೂಳು ಹಾರಿಸಿ, ಆಮೇಲೆ ಸ್ವಲ್ಪ ತೇವದ ಹತ್ತಿ ಬಟ್ಟೆಯಿಂದ ಒರೆಸಿ. ಒಣ ಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುತ್ತದೆ.

ಟ್ರ್ಯಾಕ್ಟರಿನ ಬೆಳಕಿನ ಮಾತು ನನ್ನ ಧೋತರದ ಕಥೆಯಲ್ಲೇ ಬಂತು. ರಾತ್ರಿಯೆಲ್ಲ ಗಾಡಿ ಓಡಾಡುವ ರಸ್ತೆ ಚಿತ್ರದಲ್ಲಿದ್ದರೆ, ಪ್ರತಿ ಸಲ ಬೆಳಕು ಬಿದ್ದಾಗ ನೆರಳು ಅಂಗಳದ ತುಂಬ ಓಡುತ್ತದೆ. ಕೆಲವು ಕ್ಯಾಮೆರಾಗಳು ಬೆಳಗಾಯಿತೆಂದು ತಿಳಿದು ಬಣ್ಣದ ಚಿತ್ರಕ್ಕೆ ತಿರುಗುತ್ತವೆ, ಮತ್ತೆ ಕಪ್ಪುಬಿಳುಪಿಗೆ ಬರುತ್ತವೆ. ಫೋನಿನೊಳಗೆ ‘ಆ್ಯಕ್ಟಿವಿಟಿ ಝೋನ್’ ಎಂಬ ಕಡೆ ಬೆರಳಿನಿಂದ ಗೆರೆ ಎಳೆದು, ಎಲ್ಲಿ ನೋಡಬೇಕು, ಎಲ್ಲಿ ನೋಡಬಾರದು ಎಂದು ಹೇಳಬಹುದು. ರಸ್ತೆಯನ್ನು, ಬಟ್ಟೆ ಒಣಗುವ ತಂತಿಯನ್ನು, ಬೆದರುಗೊಂಬೆಯನ್ನು ಹೊರಗಿಡಿ. ಆದರೆ ಕಳ್ಳ ಬರುವ ದಾರಿಯನ್ನೂ ಹೊರಗಿಟ್ಟು ಕೂಡಬೇಡಿ.

ಕಬ್ಬು ಬೆಳೆಗಾರರಿಗೆ ಮಾತ್ರ ಇರುವ ತೊಂದರೆ ಇನ್ನೊಂದಿದೆ. ಕಡಿದ ಹೊಲದ ಅಂಚಿಗೆ ಜನವರಿಯಲ್ಲಿ ಕೂಡಿಸಿದ ಕ್ಯಾಮೆರಾಕ್ಕೆ ಆಗ ಕಟ್ಟೆಯತನಕ ಎಲ್ಲ ಬಯಲು. ಕುಳೆ ಕಬ್ಬು ಆಗಸ್ಟಿನ ಹೊತ್ತಿಗೆ ಆಳುದ್ದ ದಾಟಿ ಅದರ ಮುಖಕ್ಕೇ ಗರಿ ಬೀಸುತ್ತದೆ. ಆಡಸಾಲಿ ಕಬ್ಬಿನವರಿಗೆ ವರ್ಷಕ್ಕೂ ಮೀರಿ ಇದೇ ಗೋಳು. ಬೆಳೆಯ ಜೊತೆ ಕ್ಯಾಮೆರಾದ ನೋಟವೂ ಗೆರೆಯೂ ಬದಲಾಗಬೇಕು. ಹಬ್ಬಕ್ಕೊಮ್ಮೆ ಏಣಿ ಹತ್ತಿದರೆ ಸಾಕಾಗುತ್ತದೆ.

ಇಷ್ಟೆಲ್ಲ ಕೇಳಿ ಎಲ್ಲಿಂದ ಹಿಡಿಯಬೇಕೆಂದರೆ, ಒಂದು ನೋಟುಬುಕ್ಕಿನಿಂದ ಹಿಡಿಯಿರಿ. ಮೂರು ರಾತ್ರಿ ಬಂದ ಪ್ರತಿ ಸೂಚನೆಯ ಹೊತ್ತನ್ನು ಬರೆದು, ಬೆಳಿಗ್ಗೆ ಚಿತ್ರ ತೆರೆದು ನಿಜವಾಗಿ ಏನಿತ್ತೆಂದು ಅದರ ಮುಂದೆ ಬರೆಯಿರಿ: ಹುಳ, ಬೆಳಕು, ನಾಯಿ, ಬಟ್ಟೆ, ಮನೆಯವರೇ. ನನ್ನ ಮೂರು ರಾತ್ರಿಯ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಹುಳವೇ ಇತ್ತು, ನಾನು ಮಾತ್ರ ನಾಯಿಯನ್ನು ಬೈಯುತ್ತಿದ್ದೆ. ಆಮೇಲೆ ಹೆಚ್ಚು ಬಂದ ಕಾರಣ ಒಂದನ್ನೇ ಸರಿಪಡಿಸಿ ಮತ್ತೆ ಮೂರು ರಾತ್ರಿ ನೋಡಿ. ಒಮ್ಮೆಗೇ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಗುಣ ಬಂತೆಂದು ತಿಳಿಯುವುದಿಲ್ಲ. ಬರೆಯುವ ಮುನ್ನ ಕ್ಯಾಮೆರಾದ ಗಡಿಯಾರ ಸರಿಯಿದೆಯೇ ನೋಡಿ. ಕರೆಂಟು ಹೋಗಿ ಬಂದಾಗ ಕೆಲವು ರೆಕಾರ್ಡರುಗಳ ತಾರೀಖು ಹಳೆಯ ವರ್ಷಕ್ಕೆ ಹೋಗಿ ಕೂಡುತ್ತದೆ. ಅಂಥ ಚಿತ್ರವನ್ನು ಪೊಲೀಸರ ಮುಂದೆ ಹಿಡಿದರೆ ಮೊದಲ ಪ್ರಶ್ನೆ ಅದೇ ಬರುತ್ತದೆ.

ಕೊನೆಯಲ್ಲಿ ನಡಿಗೆಯ ಪರೀಕ್ಷೆ ಮಾಡಿ. ಇದನ್ನು ಯಾವ ಅಂಗಡಿಯವನೂ ಮಾಡಿ ತೋರಿಸುವುದಿಲ್ಲ. ಕತ್ತಲಾದ ಮೇಲೆ ಮನೆಯ ಒಬ್ಬರು ಫೋನು ಹಿಡಿದು ಕೂಡಲಿ, ಇನ್ನೊಬ್ಬರು ಕಳ್ಳ ಬರುವ ದಾರಿಯಿಂದ ನಡೆದು ಬರಲಿ. ಮೊದಲು ನೆಟ್ಟಗೆ, ಆಮೇಲೆ ಕಂಬಳಿ ಹೊದ್ದು, ಆಮೇಲೆ ತಲೆಯ ಮೇಲೆ ಹೊರೆ ಹೊತ್ತು, ಕಡೆಗೆ ಬಗ್ಗಿಕೊಂಡು. ಯಾವ ವೇಷಕ್ಕೆ, ಎಷ್ಟು ಹೆಜ್ಜೆಗೆ ಕೂಗಿತು, ಎಷ್ಟು ಹೊತ್ತಿಗೆ ಫೋನಿಗೆ ಬಂತು ಎಂದು ಬರೆದುಕೊಳ್ಳಿ. ಸಿಮ್ ಕಾರ್ಡಿನ ಕ್ಯಾಮೆರಾಕ್ಕೆ ಹೊಲದಲ್ಲಿ ರೇಂಜ್ ಕಡಿಮೆಯಿದ್ದರೆ ಸೂಚನೆ ನಿಮಿಷಗಟ್ಟಲೆ ತಡವಾಗಿ ಬರುವುದೂ ಆಗ ಬಯಲಾಗುತ್ತದೆ. ನಮ್ಮ ಮನೆಯಲ್ಲಿ ಮೊದಲ ಸಲ ಈ ಪರೀಕ್ಷೆ ಮಾಡಿದಾಗ ಕಂಬಳಿ ಹೊದ್ದ ನನ್ನನ್ನು ಕ್ಯಾಮೆರಾ ಮೂರು ಸಲವೂ ಬಿಟ್ಟುಬಿಟ್ಟಿತು. ಕ್ಯಾಮೆರಾವನ್ನು ಹನ್ನೆರಡು ಅಡಿಯಿಂದ ಒಂಬತ್ತಕ್ಕೆ ಇಳಿಸಿ, ದಾರಿಯ ಮಗ್ಗುಲಿಗೆ ತಿರುಗಿಸಿ, ಖೋಲಿಯ ಆಚೆ ಒಂದು ದೀಪ ಹಚ್ಚಿದ ಮೇಲೆ ಮೂರರಲ್ಲಿ ಎರಡು ಸಲ ಹಿಡಿಯಿತು. ಮೂರಕ್ಕೆ ಮೂರು ನಾನು ಇನ್ನೂ ಕಂಡಿಲ್ಲ. ಆದ್ದರಿಂದ ಮೋಟಾರು ಖೋಲಿಯ ಎದುರಿನ ಹತ್ತು ಅಡಿ ಜಾಗಕ್ಕೆ ಮಾತ್ರ, ರಾತ್ರಿ ಹತ್ತರಿಂದ ಐದರತನಕ, ಮನುಷ್ಯನಾಗಲಿ ಬೇರೇನಾಗಲಿ ಅಲುಗಿದರೆ ಕೂಗುವಂತೆ ಇಟ್ಟಿದ್ದೇನೆ. ಮಿಕ್ಕ ಅಂಗಳಕ್ಕೆ ‘ಮನುಷ್ಯ ಮಾತ್ರ’. ಸೆನ್ಸಿಟಿವಿಟಿಯನ್ನು ಇದೆಲ್ಲ ಆದ ಮೇಲೆ ಒಂದೊಂದೇ ಮೆಟ್ಟಿಲು ಬದಲಾಯಿಸಿ, ಪ್ರತಿ ಸಲ ಮತ್ತೆ ನಡೆದು ನೋಡಿ.

ಟೋಳಿಯ ಗುಡಿಸಲುಗಳ ಕಡೆಗೆ, ಹೆಣ್ಣುಮಕ್ಕಳು ಸ್ನಾನ ಮಾಡುವ ತಟ್ಟಿಯ ಕಡೆಗೆ, ಪಕ್ಕದವರ ಹಿತ್ತಿಲ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಅಂಗಡಿಯವನು ಹಾಕಿಕೊಟ್ಟ ಗುಪ್ತಸಂಖ್ಯೆಯನ್ನು ಅಂದೇ ಬದಲಾಯಿಸಿ, ಇಲ್ಲವಾದರೆ ನಿಮ್ಮ ಅಂಗಳವನ್ನು ಇನ್ನಾರೋ ನೋಡುತ್ತಿರಬಹುದು. ಸೂಚನೆಯ ಜೊತೆ ಬಂದ ಸಣ್ಣ ಚಿತ್ರವನ್ನು ಗ್ರಾಮದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮುನ್ನ ಪೂರ್ತಿ ದೃಶ್ಯವನ್ನು ದೊಡ್ಡದು ಮಾಡಿ ನೋಡಿ. ನಾನು ಆ ಬೆಳಿಗ್ಗೆ ನೋಡಿರಲಿಲ್ಲ.

ಭಾಷಣಕ್ಕೆ ಮುನ್ನ ಒಬ್ಬ ಹಿರಿಯ ಸಭಾಸದರು ಕೇಳಿದರು, ‘ಕಬ್ಬಿನಲ್ಲಿ ಚಿರತೆ ಬಂದರೆ ಇದು ಹೇಳುತ್ತದೆಯೇ?’ ಎಂದು. ‘ಮನುಷ್ಯ ಮಾತ್ರ’ ಎಂದು ಇಟ್ಟಿದ್ದರೆ ಹೇಳುವ ಭರವಸೆಯಿಲ್ಲ. ಜುನ್ನರದ ಕಡೆಗೆ ಕಬ್ಬಿನಲ್ಲಿ ಚಿರತೆ ಮರಿಹಾಕುವುದು ತಮಗೆ ಗೊತ್ತೇ ಇದೆ. ಅಂಥ ಭಯವಿದ್ದಲ್ಲಿ ಕೊಟ್ಟಿಗೆಯ ಕ್ಯಾಮೆರಾಕ್ಕೆ ಎಲ್ಲ ಅಲುಗಾಟಕ್ಕೂ ಕೂಗುವಂತೆ ಹೇಳಿ, ನೋಟ ನೆಲಮಟ್ಟಕ್ಕೆ ಇಳಿಸಿ. ಸೂಚನೆ ಬಂದರೆ ಬ್ಯಾಟರಿ ಹಿಡಿದು ಒಬ್ಬರೇ ಹೊರಗೆ ಹೋಗಬೇಡಿ. ಒಳಗಿನಿಂದಲೇ ನೋಡಿ, ಅರಣ್ಯ ಖಾತೆಯವರಿಗೆ ತಿಳಿಸಿ. ಕಳ್ಳನೆಂದು ಖಾತ್ರಿಯಾದರೆ 112ಕ್ಕೆ ಫೋನು ಮಾಡಿ, ಪಕ್ಕದ ವಸ್ತಿಯವರನ್ನು ಎಬ್ಬಿಸಿ.

ಊಟದ ಹೊತ್ತಾಗಿದೆ. ಕ್ಯಾಮೆರಾ ತಂದವರು ಯಾರಾದರೂ ಇದ್ದರೆ ಊಟವಾದ ಮೇಲೆ ಶೇತಕಿ ಖಾತೆಯ ಕೋಣೆಗೆ ಬನ್ನಿ, ಕೂಡಿ ನೋಡೋಣ.